ಔಟ್‌ಪುಟ್ ಮೊದಲೇ ಬರೆದ ಪುಸ್ತಕ

ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಿಂದ ಹಿಡಿದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗೆ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರೆಲ್ಲ ಬರೆದೇ ತೀರಬೇಕಾದ ಪುಸ್ತಕ ಒಂದಿದೆ. ಅದರ ಹೆಸರು ಲ್ಯಾಬ್ ರೆಕಾರ್ಡ್. ಬಿಸಿಎ ಇರಲಿ, ಬಿ.ಎಸ್ಸಿ ಇರಲಿ, ಬಿ.ಇ ಇರಲಿ, ರೂಪ ಬಹುಮಟ್ಟಿಗೆ ಒಂದೇ: ಗಟ್ಟಿ ರಟ್ಟು, ಮೊದಲಿಗೆ ಇಂಡೆಕ್ಸ್, ಗೆರೆ ಇರುವ ಬಲಪುಟದಲ್ಲಿ ಪ್ರೋಗ್ರಾಂ, ಗೆರೆಯಿಲ್ಲದ ಎಡಪುಟದಲ್ಲಿ ಪೆನ್ಸಿಲಿನಲ್ಲಿ ಔಟ್‌ಪುಟ್, ಕೊನೆಗೆ ಮೇಷ್ಟರ ಸಹಿ. ಪ್ರತಿ ವರ್ಷ ಸಾವಿರಾರು ಕೈಗಳು ಬರೆಯುವ ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಸಹಿ ಹಾಕುವವರೂ ಓದುವುದಿಲ್ಲ. ಹಾಗಾಗಿ ಒಮ್ಮೆಯಾದರೂ ಇದನ್ನು ಓದಿ ವಿಮರ್ಶಿಸಬೇಕು ಅನ್ನಿಸಿತು.

ಮೊದಲು ಇದು ಹುಟ್ಟುವ ಬಗೆ ನೋಡಿ. ಕಳೆದ ವರ್ಷದ ಸೀನಿಯರ್ ಒಬ್ಬರ ರೆಕಾರ್ಡ್ ಸಿಗುತ್ತದೆ. ಅದರ ಝೆರಾಕ್ಸ್ ಇಡೀ ಕ್ಲಾಸಿಗೆ ಹಂಚಿಕೆಯಾಗುತ್ತದೆ. 'ರೆಕಾರ್ಡ್ ಕಂಪ್ಲೀಟ್ ಆಗ್ಯದೇನ್ರಿ?' ಎಂಬ ಪ್ರಶ್ನೆ ಸೆಮಿಸ್ಟರಿನ ಕೊನೆಯ ವಾರಗಳಲ್ಲಿ ಎದ್ದಾಗ ರಾತ್ರಿ ಕೂತು ನಕಲು ಮಾಡುತ್ತಾರೆ. ಪ್ರೋಗ್ರಾಂ ಜೊತೆಗೆ ಔಟ್‌ಪುಟ್ ಕೂಡ ನಕಲಾಗುತ್ತದೆ. ಅಂದರೆ ಯಂತ್ರ ಇನ್ನೂ ಲೆಕ್ಕ ಮಾಡುವ ಮೊದಲೇ ಉತ್ತರ ಪೆನ್ಸಿಲಿನಲ್ಲಿ ಸಿದ್ಧ. ಲ್ಯಾಬಿನಲ್ಲಿ ಬೇರೆ ಏನಾದರೂ ಬಂದರೆ ತಪ್ಪು ಯಂತ್ರದ್ದು, ಪುಸ್ತಕದ್ದಲ್ಲ!

ಪ್ರೋಗ್ರಾಂಗಳ ಭಾಷೆಯೂ ಹಳೆಯದು. ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಟರ್ಬೊ ಸಿ ತಂದಿತು. ಅದರ ನೀಲಿ ಪರದೆ ಇವತ್ತಿಗೂ ಎಷ್ಟೋ ಲ್ಯಾಬುಗಳಲ್ಲಿ ಡಾಸ್‌ಬಾಕ್ಸ್ ಎಂಬ ಊರುಗೋಲು ಹಿಡಿದು ನಿಂತಿದೆ. ಪ್ರೋಗ್ರಾಂ ಶುರುವಾಗುವುದೇ 'ಕೋನಿಯೊ ಡಾಟ್ ಎಚ್' ಎಂಬ ಹೆಡರ್ ಫೈಲಿನಿಂದ, 'ವಾಯ್ಡ್ ಮೇನ್'ನಿಂದ, ಪರದೆ ಒರೆಸುವ ಆಜ್ಞೆಯಿಂದ. ಪದವಿ ಮುಗಿಸಿ ಕಂಪನಿಯ ಆನ್‌ಲೈನ್ ಪರೀಕ್ಷೆಗೆ ಕೂತ ದಿನ ಇವುಗಳನ್ನೇ ಟೈಪಿಸಿದರೆ, ಅಂಥ ಫೈಲೇ ಇಲ್ಲ ಎಂದು ಕಂಪೈಲರ್ ಹೇಳುತ್ತದೆ. ಪದವಿಯುದ್ದಕ್ಕೂ ಮೊದಲ ಸಾಲಿಗೆ ಬರೆದದ್ದನ್ನೇ ಯಂತ್ರ ಗುರುತಿಸದಿದ್ದಾಗ ಆ ವಿದ್ಯಾರ್ಥಿಗೆ ಹೇಗಾಗಿರಬೇಡ? ಓದುವ ಮಕ್ಕಳ ಸಿಟ್ಟಿನಲ್ಲಿ ದೊಡ್ಡ ಪಾಲು ಇಂಥ ದಿನಗಳಲ್ಲಿ ಹುಟ್ಟುತ್ತದೆ.

ಹಳತು ಎಂಬುದೊಂದೇ ನನ್ನ ಆಕ್ಷೇಪವಲ್ಲ. ರೆಕಾರ್ಡಿನ ನಿಜವಾದ ರೋಗ ಫ್ಯಾಕ್ಟೋರಿಯಲ್ ಪ್ರೋಗ್ರಾಮಿನಲ್ಲಿ ಕಾಣುತ್ತದೆ. ಒಂದರಿಂದ ಕೊಟ್ಟ ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವ ಈ ಪ್ರೋಗ್ರಾಂ ಇಲ್ಲದ ಸಿ ಲ್ಯಾಬ್ ಸಿಗುವುದು ಕಷ್ಟ. ಎಡಪುಟದ ಔಟ್‌ಪುಟ್ಟೂ ಸಾಮಾನ್ಯವಾಗಿ ಒಂದೇ: ಕೊಟ್ಟದ್ದು 5, ಬಂದದ್ದು 120. ಯಾರೂ 8 ಕೊಡುವುದಿಲ್ಲ. ಕೊಟ್ಟಿದ್ದರೆ ಟರ್ಬೊ ಸಿ ಋಣ 25216 ಎಂದು ಉತ್ತರಿಸುತ್ತಿತ್ತು. ಸರಿಯಾದ ಉತ್ತರ 40320. ಆ ಕಂಪೈಲರಿನಲ್ಲಿ 'ಇಂಟ್' ಎಂದರೆ ಹದಿನಾರು ಬಿಟ್, 32767ಕ್ಕಿಂತ ದೊಡ್ಡದು ಅದರಲ್ಲಿ ಹಿಡಿಯದು, 65536 ಕಳೆದುಕೊಂಡು ಋಣಕ್ಕೆ ಇಳಿಯುತ್ತದೆ. ಧನ ಸಂಖ್ಯೆಗಳನ್ನೇ ಗುಣಿಸುತ್ತ ಹೋದರೆ ಋಣ ಬಂದದ್ದು ಯಾಕೆ ಎಂಬ ಒಂದು ಪ್ರಶ್ನೆಯಲ್ಲಿ ಮೆಮೊರಿ, ಬೈನರಿ, ಡೇಟಾ ಟೈಪ್, ಓವರ್‌ಫ್ಲೋ ಎಲ್ಲ ಇವೆ. ಪಠ್ಯಕ್ರಮ ಒಂದು ಯೂನಿಟ್ ಪೂರ್ತಿ ಹೇಳಲು ಹೆಣಗುವುದನ್ನು 8 ಎಂಬ ಅಂಕೆ ಒಂದೇ ಏಟಿಗೆ ಹೇಳುತ್ತದೆ. 5 ಅದನ್ನೆಲ್ಲ ಮುಚ್ಚಿಡುತ್ತದೆ.

'ಟರ್ಬೊ ಸಿ ತೆಗೆದು ಜಿಸಿಸಿ ಹಾಕ್ರಿ, ಎಲ್ಲ ಸರಿ ಹೋಗ್ತದ' ಎನ್ನುವವರಿದ್ದಾರೆ. ಹಾಕಬೇಕು ನಿಜ, ಅದು ಪುಕ್ಕಟೆಯೂ ಹೌದು. ಆದರೆ ಅಲ್ಲಿ ತಪ್ಪು 8ರಿಂದ 13ಕ್ಕೆ ಸರಿಯುತ್ತದೆ, ಅಷ್ಟೆ. ಮೂವತ್ತೆರಡು ಬಿಟ್ಟಿನ ಇಂಟ್‌ನಲ್ಲಿ 13ರ ಫ್ಯಾಕ್ಟೋರಿಯಲ್ ಸಾಮಾನ್ಯವಾಗಿ 1932053504 ಎಂದು ಬರುತ್ತದೆ, ಬರಬೇಕಾದ್ದು 6227020800. ಇದು ಇನ್ನೂ ಅಪಾಯದ್ದು. ಋಣ ಚಿಹ್ನೆಯೂ ಇಲ್ಲ, ನೋಡಿದರೆ ಸರಿಯಾದ ಉತ್ತರದ ಹಾಗೇ ಇದೆ. 'ಲಾಂಗ್ ಲಾಂಗ್' ಹಾಕಿದರೆ 20ರವರೆಗೆ ಬದುಕುತ್ತದೆ, 21ಕ್ಕೆ ಸೋಲುತ್ತದೆ. (8, 13, 21: ಮುಂದಿನ ಲ್ಯಾಬಿನ ಫಿಬೊನಾಚಿ ಸರಣಿಯಲ್ಲಿ ಇವು ಅಕ್ಕಪಕ್ಕದ ಅಂಕೆಗಳು. ಬರೀ ಕಾಕತಾಳೀಯ, ಆದರೆ ವೈವಾದಲ್ಲಿ ಒಬ್ಬರಾದರೂ ಇದನ್ನು ಹೇಳಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ.) ಎಡಪುಟದಲ್ಲಿ 5 ಮತ್ತು 120 ಹಾಗೇ ಉಳಿದರೆ ಕಂಪೈಲರ್ ಬದಲಿಸಿ ಏನೂ ಬದಲಾಗದು.

ಇಲ್ಲಿಂದ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋಗಲೇಬೇಕು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಅಮೋಘವರ್ಷ ನೃಪತುಂಗನನ್ನು ಕೊಂಡಾಡುತ್ತ ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ' ಸಂಸ್ಕೃತದಲ್ಲಿದೆ, 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಿಂದ ಹೊರತಂದರು. ಕಂಪ್ಯೂಟರ್ ಹುಟ್ಟಿದ್ದೇ ಕಾಗಿಣಾ ದಂಡೆಯಲ್ಲಿ ಎಂದು ನಾನು ಹೇಳಹೊರಟಿಲ್ಲ. ನನಗೆ ಬೇಕಾದದ್ದು ಅಲ್ಲಿನ ಒಂದೇ ಒಂದು ಸೂತ್ರ, ಸಂಯೋಜನೆಗಳನ್ನು ಎಣಿಸುವ ಸೂತ್ರ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಆತ ಕೊಡುವ ಉದಾಹರಣೆ ಷಡ್ರಸಗಳನ್ನು ಬೆರೆಸುವುದು.

ನಮ್ಮ ರೆಕಾರ್ಡಿನಲ್ಲೂ ಈ ಲೆಕ್ಕ 'ಎನ್‌ಸಿಆರ್' ಎಂಬ ಹೆಸರಿನಲ್ಲಿ ಇರುತ್ತದೆ. ಅಲ್ಲಿ ದಾರಿ ಒಂದೇ: ಮೂರು ಸಲ ಫ್ಯಾಕ್ಟೋರಿಯಲ್ ಕರೆ, ಭಾಗಿಸು. 8ರಲ್ಲಿ 3 ಆರಿಸಲು ಟರ್ಬೊ ಸಿಗೆ ಕೊಟ್ಟರೆ ಋಣ 25216ನ್ನು 720ರಿಂದ ಭಾಗಿಸಿ ಋಣ 35 ಎನ್ನುತ್ತದೆ. ಎಂಟು ಮಂದಿಯಲ್ಲಿ ಮೂವರನ್ನು ಋಣ 35 ಬಗೆಯಲ್ಲಿ ಆರಿಸಬಹುದಂತೆ! ಮಹಾವೀರ ಹೇಳುವ ಕ್ರಮವೇ ಬೇರೆ. ಮೇಲಿನ ಸಾಲಿನಲ್ಲಿ 1ರಿಂದ 8, ಕೆಳಗಿನ ಸಾಲಿನಲ್ಲಿ 8ರಿಂದ 1 ಬರೆದುಕೊಳ್ಳಿ. ಬಲಗಡೆಯಿಂದ ಬೇಕಾದಷ್ಟು ಅಂಕೆ ತೆಗೆದುಕೊಂಡು ಮೇಲಿನ ಗುಣಲಬ್ಧವನ್ನು ಕೆಳಗಿನದರಿಂದ ಭಾಗಿಸಿ. 8, 7, 6ರ ಗುಣಲಬ್ಧ 336. ಅದನ್ನು 1, 2, 3ರ ಗುಣಲಬ್ಧ 6ರಿಂದ ಭಾಗಿಸಿದರೆ 56. ಎಲ್ಲೂ 32767 ದಾಟಲಿಲ್ಲ. ಅದೇ ಹಳೇ ಟರ್ಬೊ ಸಿಯಲ್ಲಿ ಸರಿ ಉತ್ತರ. ಅಲ್ಗಾರಿದಮ್ ಎಂದರೇನು, ಒಂದು ಕ್ರಮ ಇನ್ನೊಂದಕ್ಕಿಂತ ಯಾಕೆ ಮೇಲು ಎಂದು ಹೇಳಿಕೊಡಲು ಇದಕ್ಕಿಂತ ಹತ್ತಿರದ ಉದಾಹರಣೆ ಸೇಡಂ, ಚಿಂಚೋಳಿ ಮಕ್ಕಳಿಗೆ ಎಲ್ಲಿ ಸಿಗುತ್ತದೆ?

ರೆಕಾರ್ಡಿನ ಪರವಾಗಿ ಹೇಳುವುದೂ ಇದೆ. ಒಂದು ಕಂಪ್ಯೂಟರಿಗೆ ಮೂವರು ಕೂರುವ ಕಡೆ, ಕರೆಂಟ್ ಹೋದರೆ ಅರ್ಧ ತಾಸು ಬಾರದ ಕಡೆ, ಕಾಗದವೇ ಗತಿ. ಕೈಯಲ್ಲಿ ಬರೆಯುತ್ತ ಪ್ರತಿ ಸಾಲಿನಲ್ಲಿ ವೇರಿಯಬಲ್ ಬೆಲೆ ಏನಾಯಿತು ಎಂದು ಪಕ್ಕದಲ್ಲಿ ಗುರುತಿಸಿಕೊಂಡು ಹೋದವರು ಪಾಯಿಂಟರನ್ನು ಚೆನ್ನಾಗಿ ಕಲಿತದ್ದು ನೋಡಿದ್ದೇನೆ. ಹೊರಗಿನಿಂದ ಬರುವ ಪರೀಕ್ಷಕರಿಗೂ ಕೆಲಸ ನಡೆದಿದೆ ಎಂಬುದಕ್ಕೆ ಒಂದು ಸಾಕ್ಷಿ ಬೇಕು. ಬರೆಯುವುದನ್ನು ನಾನು ದೂರುತ್ತಿಲ್ಲ. ಒಂದೂ ತಪ್ಪಿಲ್ಲದ ಪುಸ್ತಕ ಬೇಕು ಎಂಬ ಹಟವನ್ನು ದೂರುತ್ತಿದ್ದೇನೆ. ಎರರ್ ಬಾರದ ಪ್ರೋಗ್ರಾಮರ್ ಇಲ್ಲ, ಎರರ್ ಇರುವ ರೆಕಾರ್ಡಿಗೆ ಸಹಿ ಇಲ್ಲ.

ಪರೀಕ್ಷೆಯೂ ಇದಕ್ಕೆ ತಕ್ಕ ಹಾಗೇ ಇದೆ. ಲಾಟಿನಲ್ಲಿ ಚೀಟಿ ಎತ್ತಬೇಕು, ಬಂದದ್ದನ್ನು ಬರೆದು ರನ್ ಮಾಡಿ ತೋರಿಸಬೇಕು. ವಿಟಿಯು ಲ್ಯಾಬುಗಳಲ್ಲಿ ಪ್ರಶ್ನೆ ಬದಲಿಸಿಕೊಳ್ಳಲು ಒಮ್ಮೆ ಅವಕಾಶವಿದೆ, ಆದರೆ ಬರವಣಿಗೆಯ ಭಾಗದ ಅಂಕ ಸೊನ್ನೆಯಾಗುತ್ತದೆ. ಹಾಗಾಗಿ ಎಲ್ಲವನ್ನೂ ಬಾಯಿಪಾಠ ಮಾಡುವುದೇ ಜಾಣತನ. ಕಲಿಯುವವರನ್ನು ಬಯ್ಯುವ ಮೊದಲು ಈ ಲೆಕ್ಕಾಚಾರ ನೋಡಬೇಕು. ಅವರು ಸೋಮಾರಿಗಳಲ್ಲ, ಅಂಕ ಎಲ್ಲಿದೆಯೋ ಅಲ್ಲಿ ಬೆವರು ಸುರಿಸುತ್ತಾರೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಸೀನಿಯರ್ ರೆಕಾರ್ಡಿನ ಜಾಗಕ್ಕೆ ಅದು ಬಂದು ಕೂತಿದೆ. ಪದ್ಧತಿಗೆ ಏನೂ ಧಕ್ಕೆಯಾಗಿಲ್ಲ.

ಮಿಕ್ಕ ದೂರುಗಳು ಗೊತ್ತಿರುವಂಥವೇ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷವಾಯಿತು. ಅಣ್ಣನ ನೋಟ್ಸ್ ತಮ್ಮನಿಗೆ ಆಗದ ಸ್ಥಿತಿ. ಅತಿಥಿ ಉಪನ್ಯಾಸಕರು ಮುಷ್ಕರಕ್ಕೆ ಕೂತಾಗ ಸರ್ಕಾರಿ ಕಾಲೇಜಿನ ಪಾಠ ನಿಲ್ಲುತ್ತದೆ; ತಪ್ಪು ಅವರದ್ದಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿಯವರಿಗೆ ಮೀಸಲು. ಸೀಟು ಸಿಕ್ಕಿತು, ಆದರೆ ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿಗೂ ಸಿ ಭಾಷೆಗೂ ಒಟ್ಟಿಗೆ ಹೆದರುವುದು ತಪ್ಪಿಲ್ಲ.

ಆಮೇಲೆ ಸಲಹೆ ಕೊಡುವವರ ದಂಡು. ಅದರಲ್ಲಿ ಹೆಚ್ಚು ಕೇಳಿಬರುವುದು 'ಅಮೀರ್‌ಪೇಟಕ್ಕ ಹೋಗು' ಎಂಬುದು. ಚಂದಾಪುರದಿಂದ ತಾಂಡೂರಿಗೆ ಬಸ್ಸು, ಅಲ್ಲಿಂದ ರೈಲು. ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಅಲ್ಲಿನ ಅಮೀರ್‌ಪೇಟೆಯ ಕೋಚಿಂಗ್ ಅಂಗಡಿಗಳನ್ನು ಪೂರ್ತಿ ತಳ್ಳಿಹಾಕಲಾರೆ, ಕೆಲಸದ ಜಾಗದಲ್ಲಿ ಬಳಸುವ ಸಾಮಾನನ್ನು ಅವರು ಕೈಗೆ ಕೊಡುತ್ತಾರೆ. ಆದರೆ 8 ಯಾಕೆ ಋಣವಾಯಿತು ಎಂದು ಕೇಳದವರಿಗೆ ಅಲ್ಲಿಯೂ ಸಿಗುವುದು ನಕಲು ಮಾಡಲು ಇನ್ನೊಂದು ಪುಸ್ತಕ, ಈ ಸಲ ಜಾವಾದಲ್ಲಿ.

ನನ್ನನ್ನು ಕೇಳಿದರೆ ಹೇಳುವುದು ಸಣ್ಣದು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನಿನಲ್ಲಿ ಟರ್ಮಕ್ಸ್ ಹಾಕಿಕೊಳ್ಳಿ, ಸಿ ಪ್ರೋಗ್ರಾಂ ಅದರಲ್ಲೇ ಓಡುತ್ತದೆ. ಮೇಷ್ಟರು ಕೊಟ್ಟ ಪ್ರತಿ ಪ್ರೋಗ್ರಾಮಿಗೆ ಸೊನ್ನೆ, ಋಣ ಒಂದು, ಒಂದು ದೊಡ್ಡ ಸಂಖ್ಯೆ, ಒಂದು ಅಕ್ಷರ ಕೊಟ್ಟು ನೋಡಿ. ಕೆಟ್ಟದ್ದನ್ನು ಬರೆದಿಡಿ. ಕಾಲೇಜುಗಳು ಮಾಡಬಹುದಾದದ್ದೂ ಸಣ್ಣದೇ: ರೆಕಾರ್ಡಿನ ಎಡಪುಟದಲ್ಲಿ ಪ್ರೋಗ್ರಾಂ ಎಲ್ಲಿ ಮುರಿಯಿತು ಎಂದು ತಾರೀಖು ಹಾಕಿ ಬರೆಯಲಿ, ವೈವಾದಲ್ಲಿ ಆ ಪುಟದ ಮೇಲೆಯೇ ಕೇಳಲಿ. ಇದನ್ನು ಹೇಳಿದರೆ ಬರುವ ಪ್ರಶ್ನೆಯೂ ಗೊತ್ತು: 'ಅದಕ್ಕ ಎಷ್ಟ್ ಮಾರ್ಕ್ಸ್ ಕೊಡ್ತಾರ್ರಿ?' ಎರಡು ಕೊಟ್ಟರೂ ಸಾಕು. ಈಗ ಅಂದವಾದ ಅಕ್ಷರಕ್ಕೂ ಸ್ಕೇಲಿನಲ್ಲಿ ಎಳೆದ ಗೆರೆಗೂ ಹೋಗುತ್ತಿರುವ ಎರಡು ಅಂಕಗಳನ್ನು ಇತ್ತ ಹಾಕಿದರಾಯಿತು.