ಮಹಮೂದ್ ಗವಾನನ ಎರಡು ಖಜಾನೆಗಳು

ಬೀದರ ಕೋಟೆಯ ಕಡೆಗೆ ನಡೆದವರಿಗೆ ಮದರಸಾದ ಉಳಿದಿರುವ ಒಂದೇ ಮಿನಾರು ದಾರಿಯಲ್ಲಿಯೇ ಕಾಣಿಸುತ್ತದೆ. ಭಾಲ್ಕಿ, ಔರಾದಗಳಿಂದ ಕಛೇರಿಯ ಕೆಲಸಕ್ಕೆಂದು ಬರುವವರಿಗೂ ಅದು ಪರಿಚಿತ. 1472ರಲ್ಲಿ ಅದನ್ನು ಕಟ್ಟಿಸಿದ ಖ್ವಾಜಾ ಮಹಮೂದ್ ಗವಾನನನ್ನು ನಾವು ವಿದ್ಯಾಪಕ್ಷಪಾತಿ, ದಾನಶೀಲ, ಅನ್ಯಾಯವಾಗಿ ಕೊಲ್ಲಲ್ಪಟ್ಟ ಸಜ್ಜನ ಎಂದು ಸ್ಮರಿಸುತ್ತೇವೆ. ಅವನು ಬಹಮನಿ ರಾಜ್ಯದ ಹಿರಿಯ ಸೇನಾಪತಿಯೂ ಆಗಿದ್ದನೆಂಬುದು ಮಾತ್ರ ಹಿಂದೆ ಸರಿದಿದೆ. ಇದಕ್ಕೆ ಬಹುಮಟ್ಟಿಗೆ ಕಾರಣ ಫೆರಿಷ್ತಾನು ತನ್ನ ಇತಿಹಾಸದಲ್ಲಿ ಗವಾನನ ಮರಣವನ್ನು ನಿರೂಪಿಸಿದ ಬಗೆ. ಆ ನಿರೂಪಣೆಯನ್ನೇ ಇಲ್ಲಿ ಪರಿಶೀಲಿಸಬೇಕಾಗಿದೆ.

ಇರಾನಿನ ಗಿಲಾನ್ ಪ್ರಾಂತದವನಾದ ಗವಾನನು 1453ರ ಸುಮಾರಿಗೆ ದಾಭೋಳದ ಬಂದರಿನಲ್ಲಿಳಿದು ಬೀದರಕ್ಕೆ ಬಂದದ್ದು ವರ್ತಕನಾಗಿ. ಸಾವಿರ ಸವಾರರ ನಾಯಕತ್ವದಿಂದ ಅವನ ಸೈನಿಕ ಜೀವನ ಮೊದಲಾಯಿತು. ಮುಂದೆ ಅವನಿಗೆ ದೊರೆತ ಬಿರುದು ‘ಮಲಿಕ್ ಉತ್ ತುಜ್ಜಾರ್’, ಎಂದರೆ ವರ್ತಕರ ಒಡೆಯ. ಮೂರನೆಯ ಮುಹಮ್ಮದ್ ಷಾನ ಕಾಲದಲ್ಲಿ ಕೊಂಕಣದ ಮೇಲೆ ದಂಡೆತ್ತಿ ಹೋಗಿ, ಖೇಳಣಾ ಕೋಟೆಯನ್ನೂ ಸಂಗಮೇಶ್ವರವನ್ನೂ ವಶಪಡಿಸಿಕೊಂಡು, 1472ರಲ್ಲಿ ಗೋವೆಯನ್ನು ಹಿಡಿದನು. ಕೊಂಕಣದ ಅರಸರು ವರ್ತಕರ ಮತ್ತು ಯಾತ್ರಿಕರ ಹಡಗುಗಳನ್ನು ದೋಚುತ್ತಿದ್ದರೆಂಬುದು ದಂಡಯಾತ್ರೆಗೆ ಕೊಟ್ಟ ಕಾರಣ. ಹಿಂದೊಮ್ಮೆ ಅಲ್ಲಿ ನಾಶವಾದ ಬಹಮನಿ ಸೇನೆಯ ಸೇಡೂ ಅದರೊಡನೆ ಸೇರಿತ್ತು.

ಅವನ ಆಡಳಿತ ಸುಧಾರಣೆಯು ನಿಜಕ್ಕೂ ಮೆಚ್ಚತಕ್ಕದ್ದು. ನಾಲ್ಕು ತರಫುಗಳನ್ನು ಎಂಟಾಗಿ ವಿಭಜಿಸಿದನು; ಪ್ರತಿ ತರಫದಾರನ ಕೈಯಲ್ಲಿ ಒಂದೇ ಕೋಟೆಯನ್ನು ಬಿಟ್ಟು ಉಳಿದವುಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವಂತೆ ಮಾಡಿದನು; ಲೆಕ್ಕಕ್ಕಿಂತ ಕಡಿಮೆ ಸೈನಿಕರನ್ನಿಟ್ಟ ಸರದಾರನ ವೇತನದಲ್ಲಿ ಕಡಿತ ಮಾಡಿಸಿದನು. ಕಾಗದದ ಮೇಲಿನ ಸಿಪಾಯಿಗಳ ಸಂಬಳದಿಂದ ಉಂಡವರಿಗೆ ಇದು ಹೇಗೆ ಸಹ್ಯವಾದೀತು? ತೆಲಂಗಾಣದ ತರಫು ಇಬ್ಭಾಗವಾದಾಗ ಅಧಿಕಾರ ಕಳೆದುಕೊಂಡ ಮಲಿಕ್ ಹಸನನ ಪಕ್ಷದವರೇ ಸಂಚು ಹೂಡಿದರು. ಗವಾನನ ಮೊಹರನ್ನು ಕಾಯುತ್ತಿದ್ದ ಗುಲಾಮನನ್ನು ಮದ್ಯದಿಂದ ವಶಮಾಡಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿ, ಒಡಿಶಾದ ಗಜಪತಿಯನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಸೃಷ್ಟಿಸಿದರು. ಕೋಟೆಗಳ ಬೀಗದ ಕೈಗಳಿಗೆಲ್ಲ ಕಾವಲಿಟ್ಟ ಮನುಷ್ಯ ತನ್ನ ಮೊಹರಿಗೆ ಇಟ್ಟ ಕಾವಲು ಇಷ್ಟೇ! ಅಂಗಡಿ ನಡೆಸಿದವರು ಯಾರೂ ಇದನ್ನು ಓದಿ ಬೆಚ್ಚದಿರಲಾರರು.

1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬಿಡಾರದಲ್ಲಿ ಸುಲ್ತಾನನು ಅವನನ್ನು ಕರೆಸಿ, ಒಡೆಯನಿಗೆ ದ್ರೋಹ ಬಗೆದ ಸೇವಕನಿಗೆ ಶಿಕ್ಷೆ ಏನೆಂದು ಕೇಳಿದನು. ಗವಾನನು ಮರಣವೇ ಎಂದನು. ಅನಂತರವೇ ಪತ್ರ ಹೊರಬಂದದ್ದು. ಮುದ್ರೆ ತನ್ನದು, ಬರಹ ತನ್ನದಲ್ಲ ಎಂಬ ಉತ್ತರವನ್ನು ಸುಲ್ತಾನನು ವಿಚಾರಿಸಲಿಲ್ಲ. ಎಪ್ಪತ್ತರ ಆಸುಪಾಸಿನ ವೃದ್ಧನನ್ನು ಅಲ್ಲಿಯೇ ಕಡಿದು ಹಾಕಲಾಯಿತು.

ಇಲ್ಲಿಂದ ಮುಂದೆ ಫೆರಿಷ್ತಾನ ಲೇಖನಿ ಚರಿತ್ರೆಯನ್ನು ಬಿಟ್ಟು ಪುಣ್ಯಕಥೆಯ ದಾರಿ ಹಿಡಿಯುತ್ತದೆ. ಸುಲ್ತಾನನು ಸಂಪತ್ತನ್ನು ಅರಸಿದರೆ ದೊರೆತದ್ದು ಅತ್ಯಲ್ಪ. ಸೇನೆಗೊಂದು, ಬಡವರಿಗೊಂದು ಎಂದು ಎರಡು ಖಜಾನೆಗಳಿದ್ದವು. ಸ್ವಂತ ವೆಚ್ಚಕ್ಕೆ ತಾನು ತಂದ 40,000 ಲಾರೀ ನಾಣ್ಯಗಳ ಮೂಲಧನದ ವ್ಯಾಪಾರದಿಂದ ಬಂದ ಲಾಭ ಮಾತ್ರ. ಮಲಗುವುದು ಚಾಪೆಯ ಮೇಲೆ, ಅಡುಗೆ ಮಣ್ಣಿನ ಪಾತ್ರೆಯಲ್ಲಿ. ಫೆರಿಷ್ತಾ ಇದನ್ನು ಬರೆದದ್ದು 17ನೆಯ ಶತಮಾನದ ಆರಂಭದಲ್ಲಿ, ಬಿಜಾಪುರದ ಆಸ್ಥಾನದಲ್ಲಿ. ಆ ರಾಜವಂಶದ ಮೂಲಪುರುಷ ಯೂಸುಫ್ ಆದಿಲ್ ಖಾನನು ಗವಾನನ ಆಶ್ರಯದಲ್ಲಿ ಬೆಳೆದವನೆಂಬುದನ್ನು ವಾಚಕರು ಮರೆಯಬಾರದು.

ಕಣ್ಣಾರೆ ಕಂಡ ಸಾಕ್ಷಿ ಬೇರೆಯೇ ಇದೆ. 1470ರ ಸುಮಾರಿಗೆ ಬೀದರದಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಈ ವರ್ತಕರ ಒಡೆಯನ ಪಂಕ್ತಿಯಲ್ಲಿ ದಿನಕ್ಕೆ 500 ಮಂದಿ ಉಣ್ಣುತ್ತಿದ್ದರೆಂದೂ, ಲಾಯದಲ್ಲಿ 2,000 ಕುದುರೆಗಳಿದ್ದು ಅರ್ಧದಷ್ಟು ಹಗಲಿರುಳು ಜೀನು ಕಟ್ಟಿಕೊಂಡೇ ನಿಂತಿರುತ್ತಿದ್ದವೆಂದೂ ಬರೆದಿದ್ದಾನೆ. ಸರದಾರರು ವೈಭವದಲ್ಲಿ ಮೆರೆಯುತ್ತಿದ್ದರೆ ಹಳ್ಳಿಯ ಜನ ಕಡುಬಡವರಾಗಿದ್ದರೆಂಬುದೂ ಅವನ ಮಾತೇ. ಗೋವೆಯ ವಿಜಯದ ನಂತರ ಸುಲ್ತಾನನು ತನ್ನ ಮನೆಯಲ್ಲಿ ಒಂದು ವಾರ ತಂಗಿ ಮನ್ನಿಸಿ ಹೋದಮೇಲೆ ಗವಾನನು ಕೋಣೆ ಸೇರಿ ಕಣ್ಣೀರಿಟ್ಟು ಒಡವೆಗಳನ್ನೆಲ್ಲ ಹಂಚಿದನೆಂದು ಫೆರಿಷ್ತಾ ಹೇಳುತ್ತಾನೆ. ನಿಕಿತಿನ್ ಕಂಡದ್ದು ಅದಕ್ಕೆ ಮುಂಚಿನದಾದ್ದರಿಂದ ಎರಡೂ ನಿಜವಿರಬಹುದು. ಆದರೆ ಆಗಲೂ ಆನೆಕುದುರೆಗಳನ್ನು ಹಂಚಲಿಲ್ಲ. ಅವು ಸುಲ್ತಾನನವು ಎಂದನಂತೆ. ಪುಸ್ತಕಗಳನ್ನೂ ವಿದ್ಯಾರ್ಥಿಗಳ ಸೊತ್ತೆಂದು ಉಳಿಸಿಕೊಂಡನು.

ನನ್ನ ಆಕ್ಷೇಪವಿರುವುದು ಫೆರಿಷ್ತಾನ ತೀರ್ಮಾನದ ಬಗೆಗಲ್ಲ. ಪತ್ರ ಕೃತ್ರಿಮ, ಗವಾನ ನಿರ್ದೋಷಿ. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅದನ್ನು ಸಾಧಿಸಲು ಅವನು ಬಡವನಾಗಿದ್ದನೆಂದು ತೋರಿಸುವ ಅಗತ್ಯವೇನಿತ್ತು? ಸಿರಿವಂತನಾಗಿದ್ದರೆ ಆ ಕೊಲೆ ನ್ಯಾಯವಾಗುತ್ತಿತ್ತೇ? ಇನ್ನು ದಾನದ ಮಾತು. ಬಡವರ ಖಜಾನೆಯ ಖರ್ಚನ್ನು ಸೇನೆಯ ಖಜಾನೆಯ ಎದುರು ಜಮಾ ಬರೆಯುವ ಪದ್ಧತಿ ಯಾವ ಲೆಕ್ಕದಲ್ಲಿಯೂ ಇಲ್ಲ. ಗವಾನನು ತಾನೇ ಅವನ್ನು ಬೇರೆಬೇರೆಯಾಗಿ ಇಟ್ಟಿದ್ದನಲ್ಲ! ಬೆರೆಸಿದವರು ಅವನನ್ನು ಕೊಂಡಾಡಿದವರು.

ಮರುವರ್ಷ, 1482ರಲ್ಲಿ, ಸುಲ್ತಾನನು ಗವಾನನೇ ತನ್ನನ್ನು ಕೊಲ್ಲುತ್ತಿರುವನೆಂದು ಚೀರುತ್ತ ಸತ್ತನೆಂದು ಫೆರಿಷ್ತಾ ಬರೆಯುತ್ತಾನೆ. ಕೆಲವೇ ವರ್ಷಗಳಲ್ಲಿ ರಾಜ್ಯ ಒಡೆಯತೊಡಗಿತು. ಮಲಿಕ್ ಹಸನನ ಮಗನೇ ಅಹಮದನಗರದ ಸ್ವತಂತ್ರ ಒಡೆಯನಾದನು. ಬೀದರದ ಹೊರವಲಯದ ಗೋರನಳ್ಳಿಯಲ್ಲಿ ಗವಾನನ ಗೋರಿಯಿದೆ. ಅಷ್ಟೂರಿನಲ್ಲಿ ಸುಲ್ತಾನರ ಮೇಲೆ ಎದ್ದಿರುವಂತಹ ಗುಮ್ಮಟ ಅಲ್ಲಿಲ್ಲ.