ಪೆನ್ ಡ್ರೈವ್ ಕಿತ್ತಾಗ ಕರ್ನಲ್ ಮರೆಯುವುದೇನು?

ದೇವದುರ್ಗದ ಶಿಕ್ಷಕರೊಬ್ಬರು ಅಂಕಪಟ್ಟಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಬಸ್ಸಿನ ಅವಸರದಲ್ಲಿ ಅದನ್ನು ಹಾಗೆಯೇ ಕಿತ್ತು ರಾಯಚೂರಿಗೆ ತಂದಿದ್ದರು. ತೆರೆದು ನೋಡಿದರೆ ಕಡತದ ಹೆಸರಿದೆ, ಒಳಗೆ ಏನೂ ಇಲ್ಲ! "ಕಾಪಿ ಆಯ್ತು ಅಂತ ತೋರಿಸ್ತಲ್ರೀ ಸರ್" ಎಂದರು. ನಾವೆಲ್ಲ ನಕ್ಕೆವು. ಲಿನಕ್ಸ್ ಕರ್ನಲ್ಲಿನ ಕ್ರಮವನ್ನು ಓದಿದ ಮೇಲೆ ಆ ನಗು ಅನ್ಯಾಯವೆನಿಸಿತು.

ಕರ್ನಲ್ ದತ್ತಾಂಶವನ್ನು ಮೊದಲು ರ‍್ಯಾಮ್‌ನ ಪುಟಗಳಲ್ಲಿ ಇಟ್ಟುಕೊಂಡು 'ಆಯಿತು' ಎನ್ನುತ್ತದೆ. ಸಾಮಾನ್ಯವಾಗಿ ಪುಟವು ಸುಮಾರು 30 ಸೆಕೆಂಡು ಹಳತಾದ ಮೇಲೆ ಸಾಧನಕ್ಕೆ ಹೋಗುತ್ತದೆ. ಅಷ್ಟರೊಳಗೆ ಸಾಧನವನ್ನು ಕಿತ್ತರೆ? ಯುಎಸ್‌ಬಿ ಪದರವು ಡ್ರೈವರಿನ 'ಡಿಸ್ಕನೆಕ್ಟ್' ಕಾರ್ಯವನ್ನು ಕರೆಯುತ್ತದೆ. ಡ್ರೈವರ್ ಹೊಸ ಬೇಡಿಕೆಗಳನ್ನು ತಡೆದು, ನಡುವೆ ಸಿಕ್ಕವನ್ನು ದೋಷಸಂಕೇತದೊಡನೆ ಹಿಂದಿರುಗಿಸುತ್ತದೆ. ಆದರೆ ಸಾಧನದ ವಿವರವಿರುವ ಸ್ಮೃತಿಭಾಗವನ್ನು ಕೂಡಲೇ ಬಿಡುವುದಿಲ್ಲ; ಯಾವುದೋ ಪ್ರೋಗ್ರಾಮ್ ಕಡತ ತೆರೆದುಕೊಂಡೇ ಇರಬಹುದು. ಬಳಸುವವರ ಎಣಿಕೆ ಸೊನ್ನೆಗೆ ಇಳಿದ ಮೇಲೆಯೇ ಅದಕ್ಕೆ ಬಿಡುಗಡೆ. ಬಾಡಿಗೆಯವರು ಹೊರಡದೆ ಮನೆ ಕೆಡವಬಾರದಷ್ಟೆ. ಈ ಭಾಗಕ್ಕೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ.

ನನ್ನ ತಕರಾರು ರ‍್ಯಾಮ್‌ನಲ್ಲಿ ಉಳಿದ ಪುಟಗಳ ಬಗ್ಗೆ. ದತ್ತಾಂಶ ಸಾಧನಕ್ಕೆ ನಿಜವಾಗಿ ಮುಟ್ಟಿದೆಯೇ ಎಂದು ಪ್ರೋಗ್ರಾಮುಗಳು 'ಎಫ್‌ಸಿಂಕ್' ಕರೆಯಿಂದ ಕೇಳುತ್ತವೆ. ಬರೆಯುವುದು ವಿಫಲವಾದರೆ ಮೊದಲ ಕರೆಗೆ ದೋಷ ಬರುತ್ತದೆ. ಮತ್ತೆ ಕೇಳಿದರೆ 'ಯಶಸ್ವಿ'! ಏಕೆಂದರೆ ಬರೆಯಲಾಗದ ಪುಟವನ್ನು ಹಲವು ಕಡತ ವ್ಯವಸ್ಥೆಗಳು 'ಶುದ್ಧ', ಅಂದರೆ ಬರೆದು ಮುಗಿದದ್ದು, ಎಂದು ಗುರುತು ಹಾಕಿಬಿಡುತ್ತವೆ. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯ ತಂತ್ರಾಂಶದವರು ಇದನ್ನು ಎತ್ತಿದಾಗ ಕರ್ನಲ್ ಕಡೆಯಿಂದ ಬಂದ ಸಮಜಾಯಿಷಿ ನಮ್ಮ ಶಿಕ್ಷಕರಂಥವರನ್ನೇ ಮುಂದಿಟ್ಟಿತು: ಇಂಥ ದೋಷಗಳು ಹೆಚ್ಚಾಗಿ ಯುಎಸ್‌ಬಿ ಕಿತ್ತದ್ದರಿಂದ ಬರುತ್ತವೆ, ಆ ಪುಟಗಳನ್ನು ಇಟ್ಟುಕೊಂಡರೆ ಸ್ಮೃತಿ ತುಂಬಿಹೋಗುತ್ತದೆ. ವಾದದಲ್ಲಿ ಹುರುಳಿದೆ. ಪೆನ್ ಡ್ರೈವ್ ಯಾರದೋ ಜೇಬಿನಲ್ಲಿ ಮಾನ್ವಿ ಸೇರಿರುವಾಗ ಅದಕ್ಕಾಗಿ ಎಷ್ಟು ಹೊತ್ತು ಕಾಯುವುದು? ಆದರೂ ಪುಟವನ್ನು ಬಿಡುವುದು ಬೇರೆ, ಬಿಟ್ಟದ್ದನ್ನು 'ಶುದ್ಧ' ಎನ್ನುವುದು ಬೇರೆ. ಕಿತ್ತ ಪೆನ್ ಡ್ರೈವಿಗೂ, ಸರ್ವರಿನೊಳಗೇ ಇದ್ದು ಒಮ್ಮೆ ತಪ್ಪಿದ ಡಿಸ್ಕಿಗೂ ಒಂದೇ ನ್ಯಾಯ ಹಚ್ಚಿದ್ದು ಇನ್ನೂ ದೊಡ್ಡ ಕೊರತೆ.

2017ರ 4.13ನೇ ಆವೃತ್ತಿ ದೋಷವನ್ನು ತಿಳಿಸುವ ಕ್ರಮವನ್ನು ತಕ್ಕಮಟ್ಟಿಗೆ ತಿದ್ದಿತ್ತು. ಪೋಸ್ಟ್‌ಗ್ರೆಸ್‌ಕ್ಯೂಎಲ್ 2019ರ ಫೆಬ್ರವರಿಯಿಂದ ಎಫ್‌ಸಿಂಕ್ ವಿಫಲವಾದರೆ ಮತ್ತೆ ಕೇಳುವುದಿಲ್ಲ. ತಾನೇ ನಿಂತು, ದಾಖಲೆ ಕಡತದಿಂದ ಚೇತರಿಸಿಕೊಳ್ಳುತ್ತದೆ. ನನಗೆ ಇದು ಸರಿಯೆನಿಸುತ್ತದೆ.

ಪ್ರಯೋಗಾಲಯದಲ್ಲಿ ಲಿನಕ್ಸ್ ಗಣಕವಿದ್ದರೆ ಹಳೆಯ ಪೆನ್ ಡ್ರೈವಿಗೆ ದೊಡ್ಡ ಕಡತವೊಂದನ್ನು ಕಾಪಿ ಮಾಡಿಸಿ, 'ಪ್ರೊಕ್' ಕೋಶದ 'ಮೆಮ್‌ಇನ್ಫೋ' ಕಡತದಲ್ಲಿ 'ಡರ್ಟಿ' ಎಂಬ ಸಾಲನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಕಾಪಿ ಮುಗಿದ ಮೇಲೂ ಅಲ್ಲಿ ಉಳಿದ ಕಿಲೋಬೈಟುಗಳು 'ಸಿಂಕ್' ಆದೇಶ ಕೊಟ್ಟಾಗ ಇಳಿಯುವುದನ್ನು ಅವರೇ ಗಡಿಯಾರ ಹಿಡಿದು ಅಳೆಯಲಿ.