ಪಿಯಾನೋ ಒಂದೇ, ಹಾಡು ಹಲವು

ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ವೇದಿಕೆಗೂ ಮೊದಲ ಸಾಲಿಗೂ ನಡುವೆ ವಾದ್ಯದವರು ಕೂರುವ ತಗ್ಗು ಇರುತ್ತದೆ. ಅಲ್ಲಿನ ಕೀಬೋರ್ಡ್ ವಾದಕರ ಸ್ವರಪುಸ್ತಕ ತೆರೆದರೆ ಸ್ವರಗಳ ನಡುನಡುವೆ ಅಂಕಿಗಳು ಕಾಣುತ್ತವೆ: 14, 15, 16. ಅಂಕಿ ಬಂದಲ್ಲಿ ಪೆಡಲನ್ನು ಒಮ್ಮೆ ತುಳಿಯಬೇಕು. ಪಿಯಾನೋ ಆಗಿದ್ದ ಕೀಗಳೇ ಆಗ ಹಾರ್ಪ್ ಆಗುತ್ತವೆ, ನಾಲ್ಕು ಆವರ್ತ ಕಳೆದು ಇನ್ನೊಮ್ಮೆ ತುಳಿದರೆ ಪಿಟೀಲುಗಳ ಗುಂಪು. ಕೇಳುತ್ತಾ ಕೂತವರಿಗೆ ಎಲ್ಲಿ ಯಾವುದು ಬದಲಾಯಿತೆಂದು ಹೊಳೆಯುವುದೇ ಇಲ್ಲ. ಹೊಲಿಗೆ ಕಾಣದ ಈ ಕೆಲಸಕ್ಕಾಗಿಯೇ ಅಲ್ಲಿ ಕೀಬೋರ್ಡ್ ಪ್ರೋಗ್ರಾಮರ್ ಎಂಬ ಪ್ರತ್ಯೇಕ ಹುದ್ದೆಯಿದೆ. ಅವರ ಕೈಚಳಕವನ್ನು ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದ, ಕಂಪ್ಯೂಟರಿನ ಪರದೆಯ ಮೇಲೆ ಸವಿಯಬೇಕು.

ಆ ಪರದೆಯಲ್ಲಿ ಸಾಮಾನ್ಯವಾಗಿ ಕಾಣುವುದು ಮೇನ್‌ಸ್ಟೇಜ್. ಆಪಲ್ ಕಂಪನಿ 2007ರಲ್ಲಿ ಲಾಜಿಕ್ ಸ್ಟುಡಿಯೋ ಜೊತೆಗೆ ಹೊರತಂದ ತಂತ್ರಾಂಶ ಇದು. ವರ್ಚುವಲ್ ವಾದ್ಯಗಳು, ಅಂದರೆ ಕಂಪ್ಯೂಟರಿನೊಳಗೇ ನುಡಿಯುವ ಪಿಯಾನೋ, ಆರ್ಗನ್, ಕೊಳಲು ಎಲ್ಲ ಇಲ್ಲಿ ಮೂರು ಅಂತಸ್ತಿನಲ್ಲಿ ವಾಸಿಸುತ್ತವೆ. ಮೇಲೆ ಕಾನ್ಸರ್ಟ್, ಅದರೊಳಗೆ ಸೆಟ್, ಸೆಟ್ಟಿನೊಳಗೆ ಪ್ಯಾಚ್. ಕಾನ್ಸರ್ಟ್ ಮಟ್ಟದಲ್ಲಿಟ್ಟ ವಾದ್ಯ ಇಡೀ ಕಾರ್ಯಕ್ರಮಕ್ಕೆ ಸಿಗುತ್ತದೆ, ಸೆಟ್ಟಿನಲ್ಲಿಟ್ಟದ್ದು ಆ ಸೆಟ್ಟಿನ ಪ್ಯಾಚ್‌ಗಳಿಗೆ, ಪ್ಯಾಚ್‌ನಲ್ಲಿಟ್ಟದ್ದು ಆ ಒಂದು ಗಳಿಗೆಗೆ ಮಾತ್ರ. ಯಾವ ನಾದಕ್ಕೆ ಯಾವ ಅಂತಸ್ತು ಎಂದು ತೀರ್ಮಾನಿಸುವುದರಲ್ಲೇ ಪ್ರೋಗ್ರಾಮರನ ಅಭಿರುಚಿ ಗೊತ್ತಾಗಿಬಿಡುತ್ತದೆ.

ಒಳ್ಳೆಯ ಪಿಯಾನೋ ಒಂದರ ಧ್ವನಿಮುದ್ರಿತ ಮಾದರಿಗಳು ಹಲವು ಗಿಗಾಬೈಟ್ ತೂಗುತ್ತವೆ. ಇಪ್ಪತ್ತು ಹಾಡಿಗೆ ಇಪ್ಪತ್ತು ಪಿಯಾನೋ ತುಂಬಲು ಹೊರಟರೆ ಯಂತ್ರ ಏದುಸಿರು ಬಿಡುತ್ತದೆ. ಮದುವೆಮನೆಯಲ್ಲಿ ಪಂಕ್ತಿಗೊಂದು ಒಲೆ ಹೂಡುವುದಿಲ್ಲವಲ್ಲ; ಅನ್ನ ಒಂದೇ ಹಂಡೆಯದು, ಬಡಿಸುವ ಎಲೆ ಬೇರೆ. ಮೇನ್‌ಸ್ಟೇಜ್‌ನಲ್ಲಿ ಇದಕ್ಕಿರುವ ಉಪಾಯ ಅಲಿಯಾಸ್. ಪಿಯಾನೋವನ್ನು ಒಂದು ಕಡೆ ತುಂಬಿಟ್ಟು, ಬೇಕಾದ ಹಾಡುಗಳಲ್ಲೆಲ್ಲ ಅದರ ಪ್ರತಿಬಿಂಬವನ್ನಷ್ಟೇ ಇಡುವುದು. ಯಂತ್ರದ ನೆನಪಿನಲ್ಲಿ ಜಾಗ ಹಿಡಿಯುವುದು ಮೂಲ ಮಾತ್ರ. ಇದರ ಸೊಗಸು ಇಲ್ಲಿಗೇ ನಿಲ್ಲುವುದಿಲ್ಲ. ವಾದ್ಯ ಒಂದೇ ಆದರೂ ಕೀಬೋರ್ಡಿನ ಯಾವ ಭಾಗದಲ್ಲಿ ಅದು ನುಡಿಯಬೇಕು, ಎಷ್ಟು ಸ್ವರ ಏರಿಸಿ ಇಳಿಸಿ ನುಡಿಯಬೇಕು ಎಂಬುದು ಆಯಾ ಹಾಡಿನ ಸ್ವಂತ ವಿಚಾರ. ಒಂದು ಹಾಡಿನಲ್ಲಿ ಇಡೀ ಕೀಬೋರ್ಡನ್ನು ಆಳುವ ಪಿಯಾನೋ, ಮುಂದಿನದರಲ್ಲಿ ಬಲಗೈಯ ಎರಡು ಸ್ಥಾಯಿಗೆ ಸರಿದು ಎಡಗೈಯನ್ನು ಬಾಸ್‌ಗೆ ಬಿಟ್ಟುಕೊಡುತ್ತದೆ.

ಅಲಿಯಾಸಿಗೂ ಒಂದು ತೊಡಕು ಇದೆ. ಈ ಹಾಡಿಗೆ ಪಿಯಾನೋ ಸ್ವಲ್ಪ ಮಿಂಚಲಿ ಎಂದು ತಾರಸ್ಥಾಯಿಯ ಮೊನಚನ್ನು ಹೆಚ್ಚಿಸಿದರೆ ಉಳಿದೆಲ್ಲ ಹಾಡುಗಳಲ್ಲೂ ಅದು ಮಿಂಚುತ್ತದೆ, ಕಣ್ಣೀರಿನ ಹಾಡಿನಲ್ಲೂ. ಹಾಗೆಂದು ಎಲ್ಲವನ್ನೂ ಬಿಡಿಬಿಡಿಯಾಗಿ ತುಂಬುವುದು ಅಂಜುಬುರುಕರ ದಾರಿ, ಎಲ್ಲವನ್ನೂ ಕಾನ್ಸರ್ಟ್ ಮಟ್ಟಕ್ಕೆ ಎಸೆಯುವುದು ಸೋಮಾರಿಗಳದ್ದು. ಹದ ಬಲ್ಲವರು ಪಿಯಾನೋ, ಆರ್ಗನ್‌ನಂಥ ನಿತ್ಯದ ನಾದಗಳನ್ನು ಹಂಚಿಕೊಳ್ಳುತ್ತಾರೆ, ಒಂದೇ ಹಾಡಿನಲ್ಲಿ ತಲೆ ತೋರುವ ಗಂಟೆಯನ್ನು ಅಲ್ಲೇ ಬಿಡುತ್ತಾರೆ.

ಹಾಡಿನಿಂದ ಹಾಡಿಗೆ ದಾಟುವ ಆ ಕ್ಷಣವಂತೂ ನನಗೆ ಅಚ್ಚುಮೆಚ್ಚು. ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಮಾತಾಡುವ ಭಾಷೆಯಾದ ಮಿಡಿ 1983ರಲ್ಲಿ ಬಂದಂದಿನಿಂದ ಒಂದು ಪುಟ್ಟ ಸಂದೇಶದಿಂದ ವಾದ್ಯದ ನಾದ ಬದಲಿಸಲು ಸಾಧ್ಯವಿತ್ತು. ಆದರೆ ಹಳೆಯ ಸಿಂಥಸೈಜರ್‌ಗಳಲ್ಲಿ ಸಾಮಾನ್ಯವಾಗಿ ಬದಲಿಸಿದ ಗಳಿಗೆಯಲ್ಲೇ ಹಿಂದಿನ ಸ್ವರ ಕಚಕ್ಕನೆ ಕತ್ತರಿಸಿಹೋಗುತ್ತಿತ್ತು. 2011ರ ಕಾರ್ಗ್ ಕ್ರೋನೋಸ್ ಕೀಬೋರ್ಡ್ ಈ ಗಾಯ ಮುಚ್ಚುವುದನ್ನು ತನ್ನ ಹೆಮ್ಮೆಗಳಲ್ಲೊಂದಾಗಿ ಹೇಳಿಕೊಂಡಿತು. ಮೇನ್‌ಸ್ಟೇಜ್‌ನಲ್ಲಿ ಪ್ಯಾಚ್ ದಾಟಿದರೂ ಒತ್ತಿಹಿಡಿದ ಕೀ ಹಳೆಯ ನಾದವನ್ನೇ ನುಡಿಸುತ್ತಿರುತ್ತದೆ, ಹೊಸದಾಗಿ ಒತ್ತಿದ್ದು ಹೊಸ ನಾದ. ಪಿಟೀಲುಗಳ ಕೊನೆಯ ಸ್ವರವನ್ನು ಎಡಗೈಯಲ್ಲಿ ಹಿಡಿದು, ಪೆಡಲ್ ತುಳಿದು, ಬಲಗೈಯಲ್ಲಿ ಮುಂದಿನ ಹಾಡಿನ ಕೊಳಲು ಎತ್ತಿಕೊಳ್ಳಬಹುದು. ಎಡಗೈ ಬಿಟ್ಟಾಗಷ್ಟೇ ಪಿಟೀಲು ಕರಗುತ್ತದೆ. ಅನುರಣನ ಕೊಡುವ ರಿವರ್ಬ್ ಅನ್ನೂ ಕಾನ್ಸರ್ಟ್ ಮಟ್ಟದ ಆಕ್ಸ್ ಎಂಬ ಹಂಚಿಕೆಯ ವಾಹಿನಿಯಲ್ಲಿ ಇಟ್ಟಿದ್ದರೆ ಎರಡು ಹಾಡೂ ಒಂದೇ ಸಭಾಂಗಣದಲ್ಲಿ ಅನುರಣಿಸುತ್ತವೆ. ಹಾಡಿಗೊಂದು ರಿವರ್ಬ್ ಇಟ್ಟವರ ಕಾರ್ಯಕ್ರಮದಲ್ಲಿ ಗೋಡೆಗಳೇ ಓಡಾಡಿದಂತೆ ಭಾಸವಾಗುತ್ತದೆ.

ಇನ್ನೊಂದು ಸೂಕ್ಷ್ಮ ತೇಲುವ ಗಡಿ. ಎಡಕ್ಕೆ ಬಾಸ್, ಬಲಕ್ಕೆ ಪಿಯಾನೋ ಎಂದು ಒಂದು ಕೀ ಮೇಲೆ ಗೆರೆ ಎಳೆದಿದ್ದೀರಿ. ಬಲಗೈ ಅವರೋಹಣದಲ್ಲಿ ಇಳಿಯುತ್ತಾ ಗೆರೆಯಾಚೆ ಎರಡು ಸ್ವರ ಜಾರಿದರೆ ಸಾಮಾನ್ಯ ಗಡಿಯಲ್ಲಿ ಅವೆರಡು ಬಾಸ್ ಆಗಿ ಗುಡುಗುತ್ತವೆ. ತೇಲುವ ಗಡಿ ನೀವು ಆಗತಾನೆ ನುಡಿಸಿದ್ದನ್ನು ಗಮನಿಸಿ, ನೀವು ಹೇಳಿದಷ್ಟು ಕೀ ಹಿಂದೆ ಸರಿದು ದಾರಿ ಬಿಡುತ್ತದೆ. ಎಡಗೈ ಮೇಲೇರಿದರೆ ಅದಕ್ಕೂ ಅದೇ ದಾಕ್ಷಿಣ್ಯ. ಇದನ್ನು ಯೋಚಿಸಿದವರು ಸ್ವತಃ ಕೀಬೋರ್ಡ್ ಮುಂದೆ ಬೆವರಿದವರೇ ಇರಬೇಕು.

ಗಣೇಶೋತ್ಸವದ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನವರು ಒಬ್ಬರೇ ಪಿಟೀಲು, ಶಹನಾಯಿ, ಕೊಳಲು ಎಲ್ಲವೂ ಆಗುವುದನ್ನು ನಾವು ನೋಡಿಯೇ ಬೆಳೆದವರು. ಗಾಯಕಿ ಕೊನೆ ಗಳಿಗೆಯಲ್ಲಿ ಶ್ರುತಿ ಬದಲಿಸಿದರೂ ಒಂದು ಗುಂಡಿ ಒತ್ತಿ, ನಕ್ಕು, ಮುಂದುವರಿಯುವ ಜನ ಅವರು. ಅವರು ಬೆರಳಲ್ಲಿ, ನೆನಪಲ್ಲಿ ಮಾಡುವುದನ್ನೇ ಈ ತಂತ್ರಾಂಶಗಳು ಮೊದಲೇ ಬರೆದಿಡುತ್ತವೆ. ಮೇನ್‌ಸ್ಟೇಜ್ ಮ್ಯಾಕ್‌ಗೆ ಮಾತ್ರ; ವಿಂಡೋಸ್ ಬಳಸುವವರಿಗೆ ಕ್ಯಾಂಟಾಬಿಲೆ ಇದೆ, ಗಿಗ್ ಪರ್ಫಾರ್ಮರ್ ಇದೆ. ಹಂಚಿಕೊಳ್ಳುವ ವಾದ್ಯವನ್ನು ಮೊದಲನೆಯದು ಲಿಂಕ್ಡ್ ರ‍್ಯಾಕ್‌ನಲ್ಲಿ ಇಡುತ್ತದೆ, ಎರಡನೆಯದು ಗ್ಲೋಬಲ್ ರ‍್ಯಾಕ್‌ಸ್ಪೇಸ್‌ನಲ್ಲಿ. ಕ್ಯಾಂಟಾಬಿಲೆಯ ಸ್ಟೇಟ್ ಎಂಬ ಕಲ್ಪನೆ ನನಗೆ ವಿಶೇಷ ಇಷ್ಟ: ರ‍್ಯಾಕ್ ಅದೇ, ಅದರ ಮನಸ್ಥಿತಿ ಮಾತ್ರ ಹಾಡಿಗೊಂದು. ಅಲಿಯಾಸಿನ ಆ ತೊಡಕಿಗೆ ಇದು ಹೆಚ್ಚು ನಯವಾದ ಉತ್ತರ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಹೇಳಿದ ಬ್ರಾಡ್‌ವೇ ಸ್ವರಪುಸ್ತಕದ ಅಂಕಿಗಳಲ್ಲಿ 14 ಪಿಯಾನೋ ಆಗಿದ್ದರೆ 17 ಕೂಡ ಪಿಯಾನೋ ಇರಬಹುದು, 31 ಕೂಡ. ಅಪವ್ಯಯವಲ್ಲ, ಅದೇ ಜಾಣತನ. ಕಾಲಿಗೆ ಮುಂದಕ್ಕೆ ಹೋಗುವುದೊಂದೇ ಗೊತ್ತಿರಬೇಕು, ಹಿಂದಿನ ಪಿಯಾನೋ ಹುಡುಕುವ ಪುರುಸೊತ್ತು ಯಾರಿಗೂ ಇಲ್ಲ. ಪ್ರತಿಬಿಂಬಗಳಿಗೆ ತೂಕವಿಲ್ಲದ್ದರಿಂದಲೇ ಇಷ್ಟು ಧಾರಾಳ ಸಾಧ್ಯ. ಆದರೆ ಮುಂದಕ್ಕಷ್ಟೇ ಹೋಗುವ ಈ ಕ್ರಮದಲ್ಲಿ, ನಟ ಮಾತು ಮುಗಿಸುವವರೆಗೆ ಅದೇ ಎರಡು ಆವರ್ತ ಸುತ್ತುವ ಜಾಗಗಳಲ್ಲಿ ಪೆಡಲಿನ ಅಂಕಿ ಎಂದೂ ಸುತ್ತಿನೊಳಗೆ ಬೀಳಬಾರದು, ಎರಡನೇ ಸುತ್ತಿಗೇ ಲೆಕ್ಕ ತಪ್ಪುತ್ತದೆ. ನುರಿತವರು ಅಲ್ಲಿ ಎರಡು ನಾದಗಳನ್ನೂ ಕೀಬೋರ್ಡಿನ ಎರಡು ತುದಿಗೆ ಹಂಚಿ, ತುಳಿಯುವ ಅಗತ್ಯವನ್ನೇ ತೆಗೆದುಹಾಕುತ್ತಾರೆ.